ಪೆಟ್ರೋಲ್ ಮುಳ್ಳಿನ ಮೇಲಿನ ಅಪವಾದ

ಕಾರಿನ ಪೆಟ್ರೋಲ್ ಮುಳ್ಳು ತಪ್ಪು ತೋರಿಸತೊಡಗಿದರೆ ನಮ್ಮಲ್ಲಿ ವಿಚಾರಣೆ ನಡೆಯುವುದಿಲ್ಲ, ನೇರವಾಗಿ ತೀರ್ಪು ಬರುತ್ತದೆ. ಅರ್ಧ ಜನ ಬಂಕಿನವನನ್ನು ಬೈಯುತ್ತಾರೆ. ಗ್ಯಾರೇಜಿಗೆ ಹೋದರೆ "ಮೀಟರ್ ಹೋಗಿದೆ ಸಾರ್, ಹೊಸದು ಹಾಕೋಣ" ಎನ್ನುತ್ತಾರೆ, ಇಲ್ಲವೇ "ಪಂಪ್ ಸೆಟ್ಟನ್ನೇ ಬದಲಿಸಿಬಿಡೋಣ, ತಲೆನೋವು ಇರಲ್ಲ" ಎನ್ನುತ್ತಾರೆ. ಹತ್ತಾರು ವರ್ಷ ಕಾರು ಓಡಿಸಿದವರದು ಇನ್ನೊಂದು ಮಾತು: "ಆ ಮುಳ್ಳನ್ನು ಯಾರು ನಂಬ್ತಾರೆ? ಕಿಲೋಮೀಟರ್ ನೋಡ್ಕೊಂಡು ಹಾಕಿಸ್ತಾ ಇರಿ." ಕೇಳಲು ಬೇರೆ ಬೇರೆಯಾದರೂ ಇವೆಲ್ಲದರ ಹಿಂದಿರುವುದು ಒಂದೇ ನಂಬಿಕೆ. ಈ ಮುಳ್ಳು ಹುಟ್ಟಾ ಸುಳ್ಳುಗಾರ, ಅದರ ಸುಳ್ಳಿಗೆ ಕಾರಣ ಹುಡುಕಿ ಪ್ರಯೋಜನವಿಲ್ಲ ಎಂಬುದು ಆ ನಂಬಿಕೆ.

ಅದನ್ನು ನಾನು ಒಪ್ಪುವುದಿಲ್ಲ. ಟ್ಯಾಂಕಿನ ತಳದಿಂದ ಡ್ಯಾಶ್‌ಬೋರ್ಡ್‌ವರೆಗೆ ಬರುವ ಒಂದು ಸಣ್ಣ ವಿದ್ಯುತ್ ಸಂದೇಶವನ್ನು ಮುಳ್ಳು ತೋರಿಸುತ್ತದೆ, ಅಷ್ಟೇ. ಆ ದಾರಿಯಲ್ಲಿ ಎಲ್ಲಿ ಕೆಟ್ಟರೆ ಮುಳ್ಳು ಹೇಗೆ ವರ್ತಿಸುತ್ತದೆ ಎನ್ನುವುದಕ್ಕೆ ಲೆಕ್ಕವಿದೆ. ಸದಾ ಖಾಲಿ ತೋರಿಸುವುದು, ಅರ್ಧದಲ್ಲಿ ಸಿಕ್ಕಿಕೊಳ್ಳುವುದು, ಇದ್ದಕ್ಕಿದ್ದಂತೆ ಬಿದ್ದು ಮತ್ತೆ ಏಳುವುದು, ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಕುಣಿಯುವುದು, ಇವು ಒಂದೇ ಕಾಯಿಲೆಯಲ್ಲ. ಒಂದೊಂದೂ ಒಂದೊಂದು ಜಾಗವನ್ನು ತೋರಿಸುತ್ತದೆ. ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಒಂದು ಗಂಟೆಯ ತಾಳ್ಮೆ ಇದ್ದರೆ ಆ ಜಾಗವನ್ನು ಹೆಚ್ಚಿನ ಸಲ ಕಂಡುಹಿಡಿಯಬಹುದು. ಹಾಗೆ ಅಳೆಯದೆ ಬಿಡಿಭಾಗ ಬದಲಿಸುವುದು, ಅಳೆಯದೆ ಇನ್ನೊಬ್ಬರನ್ನು ದೂರುವುದು, ಅಳೆಯದೆ ಸಹಿಸಿಕೊಳ್ಳುವುದು, ಮೂರೂ ನಷ್ಟದ ದಾರಿಗಳು.

ಮೊದಲು ಬಂಕಿನ ವಿಚಾರ. ಬಂಕುಗಳಲ್ಲಿ ಮೋಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಪೊಲೀಸ್ ವಿಶೇಷ ಕಾರ್ಯಪಡೆ ಲಖನೌದ ಬಂಕುಗಳ ಮೇಲೆ ದಾಳಿ ನಡೆಸಿ, ಪೆಟ್ರೋಲ್ ಕಡಿಮೆ ಸುರಿಯುವಂತೆ ಯಂತ್ರದೊಳಗೆ ಅಡಗಿಸಿಟ್ಟಿದ್ದ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ಹೊರತೆಗೆದಿತ್ತು. ಆದರೆ ಅಂಥ ಮೋಸವನ್ನು ಕಾರಿನ ಮುಳ್ಳು ಹಿಡಿದುಕೊಡಲಾರದು. ಲೀಟರಿಗೆ 50 ಮಿಲಿಲೀಟರ್ ಕಡಿಮೆ ಹಾಕುತ್ತಾರೆ ಎಂದೇ ಇಟ್ಟುಕೊಳ್ಳೋಣ. 10 ಲೀಟರ್ ಹಾಕಿಸಿದರೆ ಅರ್ಧ ಲೀಟರ್ ಖೋತಾ. 40 ಲೀಟರಿನ ಟ್ಯಾಂಕಿನಲ್ಲಿ ಅದು ಮುಳ್ಳಿನ ಇಡೀ ಓಟದ 80ರಲ್ಲಿ ಒಂದು ಪಾಲು. ಎಂಟು ಗೀಟುಗಳ ಡಿಜಿಟಲ್ ಗೇಜ್ ಆದರೆ ಒಂದೊಂದು ಗೀಟಿಗೆ 5 ಲೀಟರ್ ಬರುತ್ತದೆ. ಅರ್ಧ ಲೀಟರ್ ಅದರ ಕಣ್ಣಿಗೇ ಬೀಳುವುದಿಲ್ಲ. ಇನ್ನು "ಸಾವಿರ ರೂಪಾಯಿಗೆ ಹಾಕಿಸಿದೆ, ಮುಳ್ಳು ಅಲ್ಲಾಡಲೇ ಇಲ್ಲ" ಎಂಬ ದೂರು. ಬಂಕಿನವನು ಪೂರ್ತಿ ಸಾವಿರ ರೂಪಾಯಿಯ ಪೆಟ್ರೋಲನ್ನು ನುಂಗಿರಲು ಸಾಧ್ಯವಿಲ್ಲ. ಹಾಗಾಗಿ ಮುಳ್ಳು ಅಲ್ಲಾಡದಿದ್ದರೆ ಕಾರಣವನ್ನು ಕಾರಿನೊಳಗೇ ಹುಡುಕಬೇಕು.

ಬಂಕಿನ ಮೇಲೆ ಸಂಶಯವಿದ್ದರೆ ಅದಕ್ಕೆ ನೇರವಾದ ಪರೀಕ್ಷೆ ಬೇರೆಯೇ ಇದೆ. ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು. ಗ್ರಾಹಕ ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಯಂತ್ರದಲ್ಲಿ ತಪ್ಪಿದೆ. ಎರಡು ನಿಮಿಷದ ಕೆಲಸ. ಇದನ್ನು ಕೇಳಿ ಪಡೆಯುವವರು ನಮ್ಮಲ್ಲಿ ಎಷ್ಟು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ಸಿಬ್ಬಂದಿಯ ಮೇಲೆ ರೇಗುವುದಕ್ಕಿಂತ ಆ ಪಾತ್ರೆಯನ್ನು ತರಿಸುವುದು ಎಲ್ಲರಿಗೂ ಗೌರವ.

ಇದೇ ಗುಂಪಿನ ಇನ್ನೊಂದು ಅಪವಾದ ಟ್ಯಾಂಕಿನ ಗಾತ್ರದ್ದು. ಕೈಪಿಡಿಯಲ್ಲಿ 42 ಲೀಟರ್ ಎಂದಿದೆ, ಬಂಕಿನವನು 44 ಲೀಟರ್ ಹಾಕಿದೆ ಎನ್ನುತ್ತಾನೆ, ಅಂದಮೇಲೆ ಮೋಸ ಸಾಬೀತಾಯಿತು ಎಂಬ ವಾದ. ಕಂಪನಿ ಅಚ್ಚು ಹಾಕುವುದು ಟ್ಯಾಂಕಿನ ಘೋಷಿತ ಗಾತ್ರವನ್ನು. ಬಿಸಿಲಿಗೆ ಪೆಟ್ರೋಲ್ ಹಿಗ್ಗಲು, ಆವಿ ನಿಲ್ಲಲು ಮೇಲೆ ಜಾಗ ಬಿಟ್ಟಿರುತ್ತಾರೆ. ಸುರಿಯುವ ಕೊಳವೆಯಲ್ಲೂ ಒಂದಿಷ್ಟು ಹಿಡಿಯುತ್ತದೆ. ನಾಝಲ್ ತಾನಾಗಿ ಕಟ್ ಆದ ಮೇಲೂ ಕಾರು ಅಲ್ಲಾಡಿಸಿ ಒತ್ತಿ ಒತ್ತಿ ತುಂಬಿಸಿದರೆ ಆ ಜಾಗವೂ ತುಂಬುತ್ತದೆ. ಆವಿಗೆಂದು ಬಿಟ್ಟ ಜಾಗ ತುಂಬಿದರೆ ಆವಿಯನ್ನು ಹೀರುವ ಇದ್ದಿಲ ಡಬ್ಬಿಗೆ ಪೆಟ್ರೋಲ್ ನುಗ್ಗಿ ಆ ಡಬ್ಬಿ ಹಾಳಾಗಬಹುದು. ಮೊದಲ ಕಟ್‌ಗೇ ನಿಲ್ಲಿಸುವುದು ಒಳ್ಳೆಯದು.

"ಮುಳ್ಳು ಈಚೆಗೆ ಬೇಗ ಬೇಗ ಇಳಿಯುತ್ತಿದೆ" ಎಂಬ ದೂರಿನಲ್ಲೂ ಗೊಂದಲವಿದೆ. ಈಗ ದೇಶದ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೆಯ ಲೆಕ್ಕಕ್ಕೆ ತಯಾರಾದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ 6ರಿಂದ 7 ಪ್ರತಿಶತ ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಅಂದರೆ ಅಷ್ಟೇ ದೂರಕ್ಕೆ ಹೆಚ್ಚು ಲೀಟರ್ ಖರ್ಚಾಗುತ್ತದೆ, ಮುಳ್ಳು ಅದನ್ನು ಸರಿಯಾಗಿಯೇ ತೋರಿಸುತ್ತಿದೆ. ಇಲ್ಲಿ ಗೇಜ್ ಕೆಟ್ಟಿಲ್ಲ. ಮುಳ್ಳನ್ನು ಪರೀಕ್ಷಿಸುವವರು ಅದನ್ನು ಕಿಲೋಮೀಟರ್ ಜೊತೆಗಲ್ಲ, ಲೀಟರ್ ಜೊತೆಗೆ ಹೋಲಿಸಬೇಕು. ಕಿಲೋಮೀಟರಿನಲ್ಲಿ ಟ್ರಾಫಿಕ್, ಏಸಿ, ಟೈರಿನ ಗಾಳಿ, ಏರುದಾರಿ ಎಲ್ಲವೂ ಸೇರಿಕೊಂಡಿರುತ್ತವೆ. ಲೀಟರಿನಲ್ಲಿ ಲೀಟರ್ ಮಾತ್ರ ಇರುತ್ತದೆ.

ಲೀಟರ್ ಜೊತೆಗೆ ಹೋಲಿಸಿದಾಗಲೂ ಕೆಲವು ವ್ಯತ್ಯಾಸಗಳು ಕಾಣುತ್ತವೆ, ಅವು ದೋಷಗಳಲ್ಲ. ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ಮುಳ್ಳು ಬಹಳ ಹೊತ್ತು ಮೇಲೆಯೇ ನಿಂತು, ಅರ್ಧ ದಾಟಿದ ಮೇಲೆ ಭರಭರನೆ ಇಳಿಯುವ ಅನುಭವ ಎಲ್ಲರಿಗೂ ಇದೆ. ತೇಲುವ ಫ್ಲೋಟು ಟ್ಯಾಂಕಿನ ನೆತ್ತಿಯವರೆಗೆ ಏರುವುದಿಲ್ಲ. ಅದರ ಕಡ್ಡಿ ಅದಕ್ಕೂ ಮೊದಲೇ ತಡೆಗೆ ತಾಗಿ ನಿಂತಿರುತ್ತದೆ. ಮೇಲಿನ ಕೆಲವು ಲೀಟರ್ ಖರ್ಚಾಗುವವರೆಗೂ ಅದಕ್ಕೆ ಇಳಿಯುವ ಕೆಲಸವೇ ಇಲ್ಲ. ಜೊತೆಗೆ ಇಂದಿನ ಕಾರುಗಳ ಟ್ಯಾಂಕು ಚೌಕಾಕಾರದ ಡಬ್ಬಿಯಲ್ಲ. ಹಿಂದಿನ ಸೀಟಿನ ಕೆಳಗೆ, ಸೈಲೆನ್ಸರ್ ಕೊಳವೆಗೆ ದಾರಿ ಬಿಟ್ಟು, ಉಬ್ಬು ತಗ್ಗುಗಳೊಂದಿಗೆ ಕೂರಿಸಿರುತ್ತಾರೆ. ಕೊಡದ ಕತ್ತಿನಲ್ಲಿ ಒಂದು ಲೋಟ ನೀರು ಸುರಿದರೆ ಮಟ್ಟ ಎದ್ದು ಕಾಣುವಂತೆ ಏರುತ್ತದೆ, ಹೊಟ್ಟೆಯ ಭಾಗದಲ್ಲಿ ಅದೇ ಲೋಟಕ್ಕೆ ಏರಿದ್ದೇ ತಿಳಿಯುವುದಿಲ್ಲ; ಟ್ಯಾಂಕಿನಲ್ಲೂ ಹಾಗೆಯೇ. ಎತ್ತರವನ್ನು ಲೀಟರಿಗೆ ತಿರುಗಿಸುವ ಲೆಕ್ಕವನ್ನು ಹೊಸ ಕಾರುಗಳಲ್ಲಿ ಸಾಫ್ಟ್‌ವೇರ್ ಮಾಡುತ್ತದೆ, ಹಳೆಯವುಗಳಲ್ಲಿ ಅದೂ ಇರಲಿಲ್ಲ. ಖಾಲಿ ಗೀಟಿಗೆ ಮುಳ್ಳು ತಾಗಿದ ಮೇಲೂ ಒಂದಿಷ್ಟು ಉಳಿದಿರುವಂತೆ ತಯಾರಕರೇ ಏರ್ಪಾಟು ಮಾಡಿರುತ್ತಾರೆ. ತಿರುವಿನಲ್ಲಿ ಪೆಟ್ರೋಲ್ ಕುಲುಕಾಡಿದರೆ ಮುಳ್ಳೂ ಕುಲುಕಾಡದಿರಲೆಂದು ಅದರ ಚಲನೆಯನ್ನು ಬೇಕೆಂದೇ ನಿಧಾನ ಮಾಡಿರುತ್ತಾರೆ. ಇಗ್ನಿಷನ್ ಆನ್ ಇಟ್ಟುಕೊಂಡೇ ಪೆಟ್ರೋಲ್ ಹಾಕಿಸಿದಾಗ ಹಲವು ಕಾರುಗಳಲ್ಲಿ ಮುಳ್ಳು ಬಹಳ ತಡವಾಗಿ ಏರುವುದು ಈ ನಿಧಾನದಿಂದಲೇ.

ಇದನ್ನೆಲ್ಲ ಕಳೆದ ಮೇಲೆ ಉಳಿಯುವುದು ನಿಜವಾದ ದೋಷ. ಅದು ಸಾಮಾನ್ಯವಾಗಿ ಇರುವುದು ಡ್ಯಾಶ್‌ಬೋರ್ಡಿನಲ್ಲಲ್ಲ, ಟ್ಯಾಂಕಿನ ಕಡೆಯಲ್ಲಿ. ಟ್ಯಾಂಕಿನೊಳಗೆ ಫ್ಲೋಟು, ಅದಕ್ಕೊಂದು ಕಡ್ಡಿ. ಕಡ್ಡಿಯ ತುದಿಯಲ್ಲಿ ಪುಟ್ಟ ಲೋಹದ ಬೆರಳುಗಳು ಒಂದು ಪಿಂಗಾಣಿ ಬಿಲ್ಲೆಯ ಮೇಲೆ ಮುದ್ರಿಸಿದ ಪಟ್ಟಿಗಳನ್ನು ಸವರುತ್ತಾ ಹೋಗುತ್ತವೆ. ಫ್ಲೋಟು ಏರಿಳಿದಂತೆ ವಿದ್ಯುತ್ ರೋಧ ಬದಲಾಗುತ್ತದೆ. ಇದನ್ನೇ ಸೆಂಡರ್ ಅನ್ನುವುದು, ನಮ್ಮ ಗ್ಯಾರೇಜುಗಳಲ್ಲಿ ಟ್ಯಾಂಕ್ ಯೂನಿಟ್ ಅಥವಾ ಫ್ಲೋಟ್ ಎನ್ನುತ್ತಾರೆ. ವರ್ಷಗಟ್ಟಲೆ ಪೆಟ್ರೋಲಿನಲ್ಲಿ ಮುಳುಗಿದ್ದು, ರಸ್ತೆಯ ಪ್ರತಿ ಹಳ್ಳಕ್ಕೂ ಅಲುಗಾಡಿ, ತನ್ನ ಪಟ್ಟಿಯನ್ನು ತಾನೇ ಸವೆಸಿಕೊಳ್ಳುವ ಭಾಗ ಇದು. ಇಡೀ ವ್ಯವಸ್ಥೆಯಲ್ಲಿ ಸದಾ ಉಜ್ಜಾಡುವ ಕೆಲಸ ಇದರದು, ಆದ್ದರಿಂದ ಸಂಶಯ ಮೊದಲು ಬರಬೇಕಾದದ್ದು ಇದರ ಮೇಲೆ.

ಆ ಬೆರಳು ಮತ್ತು ಪಟ್ಟಿಗಳಲ್ಲಿ ಬೆಳ್ಳಿಯಿರುತ್ತದೆ. ಬೆಳ್ಳಿಗೆ ಗಂಧಕ ಆಗಿಬರುವುದಿಲ್ಲ, ಕಪ್ಪು ಪದರ ಕಟ್ಟಿಕೊಂಡು ಸಂಪರ್ಕ ತಪ್ಪುತ್ತದೆ. ಇದು ಎಷ್ಟು ದೊಡ್ಡ ಪ್ರಮಾಣದಲ್ಲಿ ಆಗಬಹುದು ಎಂಬುದಕ್ಕೆ 2004ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ, ಲೂಸಿಯಾನಾ ಕಡೆ ನಡೆದ ಪ್ರಸಂಗ ಸಾಕ್ಷಿ. ಶೆಲ್ ಹೆಸರಿನಲ್ಲಿ ಪೆಟ್ರೋಲ್ ಮಾರುತ್ತಿದ್ದ ಮೋಟಿವಾ ಕಂಪನಿಯ ಸರಕಿನಲ್ಲಿ ಗಂಧಕದ ಅಂಶ ಹೆಚ್ಚಿದ್ದು, ಕಾರುಗಳ ಗೇಜ್ ಸೆನ್ಸರ್‌ಗಳು ಕೆಟ್ಟವು. ನೂರಾರು ಬಂಕುಗಳಲ್ಲಿ ಮಾರಾಟ ನಿಲ್ಲಿಸಿ ಗ್ರಾಹಕರ ದುರಸ್ತಿಯ ವೆಚ್ಚವನ್ನು ಹೊರಬೇಕಾಯಿತು. ಆ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಯಾವ ದೋಷವೂ ಇರಲಿಲ್ಲ. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಇಂಧನದಲ್ಲಿ ಗಂಧಕದ ಮಿತಿ 10 ಪಿಪಿಎಂ. ಅದಕ್ಕೂ ಹಿಂದಿನ ಬಿಎಸ್-4ರಲ್ಲಿ 50, ಬಿಎಸ್-3ರ ಪೆಟ್ರೋಲಿನಲ್ಲಿ 150 ಇತ್ತು. ಹಳೆಯ ಇಂಧನ ಕುಡಿದು ಬೆಳೆದ ಕಾರುಗಳ ಸೆಂಡರ್ ತೆಗೆದರೆ ಬಿಲ್ಲೆ ಕಪ್ಪಾಗಿರುವುದನ್ನು ಕಾಣಬಹುದು.

ಇಲ್ಲಿ ನಮ್ಮ ಒಂದು ಅಭ್ಯಾಸವನ್ನೂ ಹೇಳಬೇಕು. ನಾವು ಪೆಟ್ರೋಲನ್ನು ಲೀಟರಿನಲ್ಲಿ ಕೇಳುವುದಿಲ್ಲ, ರೂಪಾಯಿಯಲ್ಲಿ ಕೇಳುತ್ತೇವೆ. "ಐನೂರಕ್ಕೆ ಹಾಕಿ" ಎನ್ನುವ ಕಾರಿನ ಮುಳ್ಳು ಕಾಲು ಭಾಗದಿಂದ ರಿಸರ್ವ್‌ವರೆಗಿನ ಸಣ್ಣ ಓಣಿಯಲ್ಲೇ ಏರಿಳಿಯುತ್ತಿರುತ್ತದೆ. ಸೆಂಡರ್‌ನ ಪಟ್ಟಿಯಲ್ಲಿ ಸವೆಯುವುದೂ ಅದೇ ಭಾಗ. ಮುಕ್ಕಾಲಿನಿಂದ ಅರ್ಧದವರೆಗೆ ನೆಟ್ಟಗೆ ಇಳಿದು, ಕಾಲು ಭಾಗದ ಹತ್ತಿರ ಬಂದಾಗ ಮಾತ್ರ ಮುಳ್ಳು ಜಿಗಿದಾಡುವ ಕಾರುಗಳಲ್ಲಿ ಇದನ್ನೇ ಮೊದಲು ಶಂಕಿಸಬೇಕು. ಟ್ಯಾಂಕ್ ಸದಾ ತಳದಲ್ಲೇ ಇದ್ದರೆ ಇನ್ನೊಂದು ಹಾನಿಯಿದೆ. ಪೆಟ್ರೋಲ್ ಪಂಪ್ ತಂಪಾಗಿರುವುದು ತಾನು ಮುಳುಗಿರುವ ಪೆಟ್ರೋಲಿನಿಂದಲೇ, ಅದು ಇಲ್ಲದಿದ್ದರೆ ಪಂಪು ಬಿಸಿಯಾಗಿ ಆಯಸ್ಸು ಕಳೆದುಕೊಳ್ಳುತ್ತದೆ.

ಸೆಂಡರ್ ನಂತರದ ಸ್ಥಾನ ಅರ್ತಿಂಗ್‌ಗೆ. ಈ ವಿಷಯವನ್ನು ನಮ್ಮ ಗ್ಯಾರೇಜುಗಳಲ್ಲಿ ಎಷ್ಟು ಹಗುರವಾಗಿ ನೋಡುತ್ತಾರೆಂದರೆ, ಮೀಟರ್ ಬದಲಿಸಿ, ಸೆಂಡರ್ ಬದಲಿಸಿ, ಎಲ್ಲ ಮುಗಿದ ಮೇಲೆ ಕೊನೆಗೆ ಒಂದು ತುಕ್ಕು ಹಿಡಿದ ಸ್ಕ್ರೂ ಕಡೆ ತಿರುಗುತ್ತಾರೆ. ಅರ್ತ್ ಎಂದರೆ ಸೆಂಡರ್‌ನಿಂದ ಹೊರಟ ವಿದ್ಯುತ್ ಬ್ಯಾಟರಿಗೆ ಮರಳುವ ದಾರಿ. ಹಳೆಯ ಕಾರುಗಳಲ್ಲಿ ಕಬ್ಬಿಣದ ಟ್ಯಾಂಕೇ ಬಾಡಿಗೆ ತಾಗಿ ಅರ್ತ್ ಆಗುತ್ತಿತ್ತು. ಡಿಕ್ಕಿಯಾಗಿ ರಿಪೇರಿ ಮಾಡಿಸುವಾಗ ಬಳಿದ ಪೇಂಟು, ತಳಕ್ಕೆ ಹಚ್ಚಿಸಿದ ತುಕ್ಕುನಿರೋಧಕ ಲೇಪನ ಆ ಸಂಪರ್ಕವನ್ನು ಮುರಿಯುತ್ತಿತ್ತು. ಈಗಿನ ಪ್ಲಾಸ್ಟಿಕ್ ಟ್ಯಾಂಕುಗಳಿಗೆ ಪ್ರತ್ಯೇಕ ತಂತಿ ಬೇಕು, ಅದರ ತುದಿ ಬಾಡಿಗೆ ಬಿಗಿದ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಿಗೆ ಇದು ಇನ್ನೂ ಬೇಗ ಬರುವ ಕಾಯಿಲೆ.

ಈ ತುಕ್ಕು ಮಾಡುವ ಕೆಲಸವನ್ನು ಲೆಕ್ಕ ಹಾಕಿ ನೋಡಬೇಕು. ಜಪಾನಿ ಮೂಲದ ಹಲವು ಕಾರುಗಳಲ್ಲಿ ಟ್ಯಾಂಕ್ ಖಾಲಿಯಾದಾಗ ರೋಧ ಸುಮಾರು 110 ಓಮ್, ತುಂಬಿದಾಗ ಸುಮಾರು 3 ಓಮ್. ಯುರೋಪಿನ ವಿಡಿಒ ಪದ್ಧತಿಯಲ್ಲಿ ಇದು ಪೂರ್ತಿ ತಿರುವುಮುರುವು: ಖಾಲಿಯಾದಾಗ 10, ತುಂಬಿದಾಗ 180. ಈಗ ಎರಡೂ ಕಾರುಗಳ ಅರ್ತ್ ಸ್ಕ್ರೂಗೆ ತುಕ್ಕು ಹಿಡಿದು 12 ಓಮ್ ಹೆಚ್ಚುವರಿ ರೋಧ ಸೇರಿತು ಎನ್ನೋಣ. ಮೊದಲನೆಯ ಕಾರು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಫುಲ್ ಟ್ಯಾಂಕ್ ಮಾಡಿಸಿದರೂ ಮುಳ್ಳು ಮೇಲಿನ ಗೀಟು ಮುಟ್ಟುವುದಿಲ್ಲ, ಮಾಲೀಕ ಬಂಕಿನವನನ್ನು ಬೈಯುತ್ತಾನೆ. ಎರಡನೆಯ ಕಾರು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 40 ಲೀಟರಿನ ಟ್ಯಾಂಕಿನಲ್ಲಿ ಆ ತಪ್ಪು ಸುಮಾರು 3 ಲೀಟರ್. ಮುಳ್ಳು ಖಾಲಿಗೆ ಬರುವ ಮೊದಲೇ ಕಾರು ನಿಲ್ಲಬಹುದು. ಕಾಯಿಲೆ ಒಂದೇ, ಔಷಧಿಯೂ ಒಂದೇ: ಸ್ಕ್ರೂ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಬಿಗಿಯುವುದು. ಆದರೆ ಒಬ್ಬರಿಗೆ ಅದು ಬರೀ ಕಿರಿಕಿರಿ, ಇನ್ನೊಬ್ಬರಿಗೆ ರಾತ್ರಿ ಹೊತ್ತು ಶಿರಾಡಿ ಘಾಟಿಯ ನಡುವೆ ಸಿಕ್ಕಿಕೊಳ್ಳುವ ಅಪಾಯ. ಹೆಚ್ಚು ತೋರಿಸುವ ಮುಳ್ಳನ್ನೂ ಕಡಿಮೆ ತೋರಿಸುವ ಮುಳ್ಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಮಾತು ನನಗೆ ಸರಿಯೆನಿಸದಿರುವುದು ಇದಕ್ಕೇ.

ಇಂಡಿಕೇಟರ್ ಹಾಕಿದಾಗ ಮುಳ್ಳು ಅದರ ಜೊತೆಗೇ ಮಿಡಿದರೆ, ಬ್ರೇಕ್ ಒತ್ತಿದಾಗ ಅಥವಾ ಹೆಡ್‌ಲೈಟ್ ಹಾಕಿದಾಗ ಸರಿದರೆ, ಹಿಂಬದಿ ದೀಪಗಳೂ ಸೆಂಡರೂ ಹಂಚಿಕೊಂಡಿರುವ ಅರ್ತ್ ಸಡಿಲವಾಗಿದೆ ಎಂದೇ ಮೊದಲು ಶಂಕಿಸಬೇಕು. ಇದನ್ನು ಪತ್ತೆಹಚ್ಚಲು ಉಪಕರಣವೇ ಬೇಡ, ಕಣ್ಣು ಸಾಕು. ಪೆಟ್ರೋಲ್ ಮುಳ್ಳಿನ ಜೊತೆ ಎಂಜಿನ್ ಬಿಸಿಯ ಮುಳ್ಳೂ ಒಟ್ಟಿಗೇ ತಪ್ಪು ತೋರಿಸಿದರೆ ಹಳೆಯ ಬ್ರಿಟಿಷ್ ಮೂಲದ ಕಾರುಗಳಲ್ಲಿ ಮೀಟರಿನ ಹಿಂದಿನ ವೋಲ್ಟೇಜ್ ಸ್ಟೆಬಿಲೈಜರ್ ನೋಡಬೇಕು, ಎರಡಕ್ಕೂ ವಿದ್ಯುತ್ ಕೊಡುವುದು ಅದೇ.

ಈಗ "ಮೀಟರ್ ಬದಲಿಸಿ" ಎನ್ನುವವರ ವಾದವನ್ನು ಅದರ ಬಲವಾದ ಜಾಗದಲ್ಲೇ ಎದುರಿಸಬೇಕು. ಮೀಟರೇ ಕೆಟ್ಟ ಪ್ರಸಂಗಗಳು ನಿಜಕ್ಕೂ ಇವೆ. 2003ರಿಂದ 2006ರವರೆಗಿನ ಜನರಲ್ ಮೋಟಾರ್ಸ್‌ನ ಪಿಕಪ್ ಮತ್ತು ಎಸ್‌ಯುವಿಗಳಲ್ಲಿ ಮುಳ್ಳು ತಿರುಗಿಸುವ ಪುಟ್ಟ ಸ್ಟೆಪ್ಪರ್ ಮೋಟಾರುಗಳು ಕೆಟ್ಟು ಅಮೆರಿಕದಲ್ಲಿ ದೊಡ್ಡ ದೂರಾಯಿತು. ನಮ್ಮಲ್ಲೇ 2025ರ ನವೆಂಬರ್‌ನಲ್ಲಿ ಮಾರುತಿ ಸುಜುಕಿ 39,506 ಗ್ರ್ಯಾಂಡ್ ವಿಟಾರಾ ಕಾರುಗಳನ್ನು ವಾಪಸು ಕರೆಯಿತು. ಸ್ಪೀಡೋಮೀಟರ್ ಜೋಡಣೆಯಲ್ಲಿರುವ ಇಂಧನ ಸೂಚಕ ಮತ್ತು ಎಚ್ಚರಿಕೆ ದೀಪ ಇರುವ ಸ್ಥಿತಿಯನ್ನು ಸರಿಯಾಗಿ ತೋರಿಸದಿರಬಹುದು ಎಂಬುದೇ ಕಾರಣ. ಅದರ ಜೋಡಿ ಕಾರಾದ ಟೊಯೋಟಾ ಹೈರೈಡರ್‌ನಲ್ಲೂ 11 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಇದೇ ಕಾರಣಕ್ಕೆ ಕರೆಸಿದರು. ಎರಡೂ ತಯಾರಾಗುವುದು ನಮ್ಮ ಬಿಡದಿಯಲ್ಲಿ. ಹೀಗಿರುವಾಗ ಮೀಟರ್ ಬದಲಿಸಿ ಎನ್ನುವುದರಲ್ಲಿ ತಪ್ಪೇನು?

ತಪ್ಪು ಇರುವುದು ಅಳೆಯದೆ ಹೇಳುವುದರಲ್ಲಿ. ಆ ಕಂಪನಿಗಳು ಊಹೆಯ ಮೇಲೆ ಎಲ್ಲ ಕಾರುಗಳನ್ನೂ ಕರೆಯಲಿಲ್ಲ. ಯಾವ ಅವಧಿಯಲ್ಲಿ ತಯಾರಾದ ಕಾರು, ಯಾವ ಬಿಡಿಭಾಗ ಎಂದು ಗುರುತಿಸಿ, ಅಷ್ಟನ್ನು ಮಾತ್ರ ಕರೆದವು. ಅದೇ ಶಿಸ್ತು ಒಂದು ಕಾರಿನ ಮಟ್ಟದಲ್ಲೂ ಬೇಕು ಎಂಬುದಷ್ಟೇ ನನ್ನ ಬೇಡಿಕೆ. ಅಳೆಯದೆ ಬದಲಿಸುವುದು ಎಲ್ಲಿಗೆ ಮುಟ್ಟಿಸಬಹುದು ಎಂಬುದನ್ನು ವಿಮಾನಯಾನ ಕ್ರೂರವಾಗಿ ಕಲಿತಿದೆ. 2005ರ ಆಗಸ್ಟ್ 6ರಂದು ಇಟಲಿಯ ಬಾರಿಯಿಂದ ಟ್ಯುನೀಸಿಯಾದ ಜೆರ್ಬಾಗೆ ಹೊರಟಿದ್ದ ಟ್ಯುನಿಂಟರ್ ಸಂಸ್ಥೆಯ ಎಟಿಆರ್-72 ವಿಮಾನ ಇಂಧನ ಮುಗಿದು ಸಿಸಿಲಿಯ ಪಲೆರ್ಮೋ ಬಳಿ ಸಮುದ್ರಕ್ಕೆ ಇಳಿಯಿತು. ಅದರಲ್ಲಿದ್ದ 39 ಜನರಲ್ಲಿ 16 ಮಂದಿ ಸತ್ತರು. ಹಿಂದಿನ ದಿನವಷ್ಟೇ ಅದರ ಇಂಧನ ಸೂಚಕವನ್ನು ಬದಲಿಸಿದ್ದರು. ಹಾಕಿದ್ದು ಎಟಿಆರ್-42ರ ಸೂಚಕ. ಆಕಾರ ಹೊಂದಿತು, ಜಾಗದಲ್ಲಿ ಕೂತಿತು, ಟ್ಯಾಂಕಿನಲ್ಲಿ ಇಲ್ಲದ ಇಂಧನವನ್ನು ಇದೆ ಎಂದು ತೋರಿಸಿತು.

ಕಾರಿನಲ್ಲಿ ಅಷ್ಟು ದೊಡ್ಡ ದುರಂತ ಆಗುವುದಿಲ್ಲ, ಆದರೆ ತಪ್ಪಿನ ಬಗೆ ಅದೇ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ, ಕೂರಿಸಲು ಸರಿಹೊಂದುವ ಆದರೆ ಓಮ್ ಬೇರೆಯಿರುವ ಸೆಂಡರ್ ಹಾಕಿದರೆ ಮುಳ್ಳು ಹೊಸ ಸುಳ್ಳು ಹೇಳತೊಡಗುತ್ತದೆ. ಹಳೆಯ ಮೀಟರ್ ಕಿತ್ತು ಇನ್ನೊಂದು ಕ್ಲಸ್ಟರ್ ಹಾಕಿದರೆ ಓಡೋಮೀಟರಿನ ಕಿಲೋಮೀಟರ್ ಲೆಕ್ಕವೂ ಬದಲಾಗುತ್ತದೆ. ನಾಳೆ ಕಾರು ಮಾರುವಾಗ ಆ ಲೆಕ್ಕವನ್ನು ಯಾರು ನಂಬುತ್ತಾರೆ? ಪಂಪ್ ಸೆಟ್ಟನ್ನೇ ಬದಲಿಸುವುದಂತೂ ಸಾವಿರಾರು ರೂಪಾಯಿಯ ಮಾತು. ಕೆಲವು ಕಾರುಗಳಲ್ಲಿ ಪಂಪಿನ ಪಕ್ಕಕ್ಕೆ ಕ್ಲಿಪ್‌ನಲ್ಲಿ ಸಿಕ್ಕಿಸಿರುವ ಸೆಂಡರ್ ಮಾತ್ರ ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನು ಕೇಳುವವರಿಲ್ಲದೆ ಅಂಗಡಿಯಲ್ಲಿ ಇಡೀ ಸೆಟ್ಟನ್ನೇ ಕಟ್ಟಿಕೊಡುತ್ತಾರೆ.

ಹಾಗಾದರೆ ಅಳೆಯುವುದು ಹೇಗೆ? ಕ್ರಮ ಮುಖ್ಯ. ಹೊಸ ಕಾರಾದರೆ ಮೊದಲು ಸ್ಕ್ಯಾನರ್ ಹಾಕಿ ಇಂಧನ ಮಟ್ಟದ ನೇರ ಓದನ್ನು ನೋಡಬೇಕು. ಪಿ0460ರಿಂದ ಪಿ0464ರವರೆಗಿನ ಕೋಡುಗಳು ಈ ಸರ್ಕ್ಯೂಟಿಗೆ ಸೇರಿದವು. ಸ್ಕ್ಯಾನರ್ ಸರಿಯಾದ ಮಟ್ಟ ಹೇಳಿ ಮುಳ್ಳು ಮಾತ್ರ ತಪ್ಪಿದ್ದರೆ ಮೀಟರನ್ನು ಸಂಶಯಿಸಲು ಆಗ ಆಧಾರ ಸಿಕ್ಕಿತು. ಎರಡೂ ಒಂದೇ ತಪ್ಪು ಹೇಳಿದರೆ ಮೀಟರನ್ನು ಮುಟ್ಟುವ ಮೊದಲು ಹಿಂದಕ್ಕೆ ಹೋಗಬೇಕು. ಅಷ್ಟು ಹೊಸದಲ್ಲದ ಕಾರಿನಲ್ಲಿ ಟ್ಯಾಂಕಿನ ಬಳಿಯ ಕಪ್ಲರ್ ಬಿಚ್ಚಿ, ಸೆಂಡರ್ ಬದಲು ಗೊತ್ತಿರುವ ಬೆಲೆಯ ರೆಸಿಸ್ಟರ್ ಸಿಕ್ಕಿಸಿ ನೋಡಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಕೆಲವೇ ರೂಪಾಯಿಗೆ ಸಿಗುವ ವಸ್ತು ಅದು. ಖಾಲಿಯ ಬೆಲೆಗೆ ಮುಳ್ಳು ಖಾಲಿಯನ್ನೂ, ಅರ್ಧದ ಬೆಲೆಗೆ ಅರ್ಧವನ್ನೂ ತೋರಿಸಿದರೆ ತಂತಿಯೂ ಮೀಟರೂ ನಿರ್ದೋಷಿಗಳು, ತಪ್ಪು ಟ್ಯಾಂಕಿನಲ್ಲಿದೆ. ತಂತಿಯನ್ನು ನೇರವಾಗಿ ಬಾಡಿಗೆ ತಾಗಿಸಿ ನೋಡುವ ಹಳೆಯ ಪದ್ಧತಿ ನನಗೆ ಇಷ್ಟವಿಲ್ಲ. ಪೆಟ್ರೋಲ್ ಆವಿಯ ಹತ್ತಿರ ಕಿಡಿ ಹಾರುವ ಸಾಧ್ಯತೆ ಒಂದು ಕಡೆ, ಕೆಲವು ಗೇಜ್‌ಗಳು ಆ ಹೊಡೆತಕ್ಕೆ ಸುಟ್ಟುಹೋಗುವುದು ಇನ್ನೊಂದು ಕಡೆ. ರೆಸಿಸ್ಟರನ್ನೂ ಇಗ್ನಿಷನ್ ಆಫ್ ಮಾಡಿಯೇ ಸಿಕ್ಕಿಸಬೇಕು.

ಆಮೇಲೆ ಅರ್ತ್. ಇಗ್ನಿಷನ್ ಆಫ್ ಮಾಡಿ, ಸೆಂಡರ್‌ನ ಅರ್ತ್ ತಂತಿಗೂ ಬ್ಯಾಟರಿಯ ಮೈನಸ್ಸಿಗೂ ನಡುವಿನ ರೋಧ ಅಳೆದರೆ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಅದೂ ಸರಿಯಿದ್ದರೆ ಆಗ ಸೆಂಡರ್ ಹೊರತೆಗೆಯುವ ಮಾತು. ಕೆಲವು ಕಾರುಗಳಲ್ಲಿ ಹಿಂದಿನ ಸೀಟೆತ್ತಿದರೆ ಅದಕ್ಕೊಂದು ಮುಚ್ಚಳ ಸಿಗುತ್ತದೆ, ಇನ್ನು ಕೆಲವಲ್ಲಿ ಟ್ಯಾಂಕನ್ನೇ ಇಳಿಸಬೇಕು. ಬ್ಯಾಟರಿಯ ಮೈನಸ್ ತಂತಿ ಕಳಚಿ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿರುವಾಗ, ಗಾಳಿಯಾಡುವ ಜಾಗದಲ್ಲಿ, ಬೆಂಕಿಯ ಸುಳಿವೂ ಇಲ್ಲದಂತೆ ಮಾಡುವ ಕೆಲಸ ಅದು. ಮನೆಯ ಅಂಗಳದಲ್ಲಿ ಮಾಡುವುದಲ್ಲ, ಅನುಭವಿ ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡುವುದು. ಹೊರತೆಗೆದ ಸೆಂಡರಿನ ಕಡ್ಡಿಯನ್ನು ನಿಧಾನವಾಗಿ ತಳದಿಂದ ತುದಿಗೆ ಎತ್ತುವಾಗ ಮಲ್ಟಿಮೀಟರಿನ ಅಂಕಿ ನುಣ್ಣಗೆ ಬದಲಾಗಬೇಕು. ಎಲ್ಲಾದರೂ ಜಿಗಿದರೆ ಅಲ್ಲಿ ಪಟ್ಟಿ ಸವೆದಿದೆ. ಅಂಕಿಗಳು ಸರಿಯಿದ್ದೂ ಮುಳ್ಳು ಸದಾ ಕೆಳಗಿದ್ದರೆ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಸಣ್ಣ ತೂತಿನಿಂದ ಒಳಗೆ ಪೆಟ್ರೋಲ್ ಸೇರಿದ್ದರೆ ಅದು ತೇಲುವುದಿಲ್ಲ. ಟ್ಯಾಂಕಿನ ತಳ ಕಲ್ಲಿಗೆ ಬಡಿದು ಒಳಕ್ಕೆ ಉಬ್ಬಿದ್ದರೆ ಕಡ್ಡಿ ಅದಕ್ಕೆ ತಾಗಿ ಅರ್ಧದಲ್ಲೇ ನಿಲ್ಲುವುದೂ ಉಂಟು.

ಉಳಿದದ್ದು ಕಿಲೋಮೀಟರ್ ನೋಡಿಕೊಂಡು ಓಡಿಸಿ ಎಂಬ ಉಪದೇಶ. ಒಬ್ಬರೇ ಓಡಿಸುವ, ಒಂದೇ ದಾರಿಯಲ್ಲಿ ಓಡುವ ಕಾರಿಗೆ ಅದು ಕೆಲವು ದಿನ ನಡೆಯುತ್ತದೆ. ಆದರೆ ನಮ್ಮ ಮನೆಗಳಲ್ಲಿ ಕಾರು ಒಬ್ಬರ ಕೈಯಲ್ಲಿ ಇರುವುದಿಲ್ಲ. ಟ್ರಿಪ್ ಮೀಟರ್ ಸೊನ್ನೆ ಮಾಡಲು ಒಬ್ಬರು ಮರೆತರೆ ಲೆಕ್ಕ ಮುಗಿಯಿತು. ಸಮತಟ್ಟಿನ ಹೆದ್ದಾರಿಯಲ್ಲಿ ಕೊಡುವ ಮೈಲೇಜನ್ನು ಆಗುಂಬೆಯ ತಿರುವುಗಳು ಕೊಡುವುದಿಲ್ಲ. ಎಥೆನಾಲ್ ಪ್ರಮಾಣ ಬದಲಾದಾಗ ಹಳೆಯ ಲೆಕ್ಕ ಮತ್ತೆ ತಪ್ಪುತ್ತದೆ. ಇನ್ನೆಷ್ಟು ದೂರ ಓಡುತ್ತದೆ ಎಂದು ಹೇಳುವ ಹೊಸ ಕಾರುಗಳ ಅಂಕಿಯಾದರೂ ನಂಬಬಹುದಲ್ಲ ಎನ್ನುವವರಿದ್ದಾರೆ. ಆ ಅಂಕಿ ಹುಟ್ಟುವುದೇ ಸೆಂಡರ್ ಹೇಳಿದ ಮಟ್ಟ ಮತ್ತು ಇತ್ತೀಚಿನ ಮೈಲೇಜಿನಿಂದ. ರಿಸರ್ವ್ ದೀಪವೂ ಹೆಚ್ಚಿನ ಕಾರುಗಳಲ್ಲಿ ಅದೇ ಸೆಂಡರ್‌ನ ಮಾತನ್ನೇ ಕೇಳುತ್ತದೆ. ಸೆಂಡರ್ ಸುಳ್ಳಾದರೆ ಈ ಎರಡಕ್ಕೂ ಪ್ರತ್ಯೇಕ ಸತ್ಯವಿಲ್ಲ. ಹೀಗೆ ಲೆಕ್ಕ ತಪ್ಪಿ ಡೀಸೆಲ್ ಕಾರು ಪೂರ್ತಿ ಖಾಲಿಯಾಗಿ ನಿಂತರೆ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದ ಮಾತ್ರಕ್ಕೆ ಎಷ್ಟೋ ಸಲ ಹೊರಡುವುದಿಲ್ಲ, ಕೊಳವೆಯೊಳಗೆ ಸೇರಿದ ಗಾಳಿಯನ್ನೂ ಹೊರಹಾಕಬೇಕು. ಸಹಿಸಿಕೊಂಡು ಓಡಿಸುವುದಕ್ಕೆ ಇಷ್ಟು ಬೆಲೆಯಿದೆ.

ದುರಸ್ತಿಯಾದ ಮೇಲೆ ಪರೀಕ್ಷೆಯೂ ಲೀಟರಿನಲ್ಲೇ ಆಗಬೇಕು. ರಿಸರ್ವ್ ದೀಪ ಹತ್ತಿದಾಗ ಸಮತಟ್ಟಾದ ಜಾಗದಲ್ಲಿ, ಇಗ್ನಿಷನ್ ಆಫ್ ಮಾಡಿ, ರೂಪಾಯಿ ಲೆಕ್ಕ ಬಿಟ್ಟು ಒಂದೊಂದು ಸಲಕ್ಕೆ 10 ಲೀಟರ್ ಹಾಕಿಸಿ ಮುಳ್ಳು ಎಲ್ಲಿಗೆ ಬಂತೆಂದು ಬರೆದಿಟ್ಟುಕೊಂಡರೆ ಆ ಕಾರಿನದೇ ಒಂದು ಪಟ್ಟಿ ಸಿದ್ಧವಾಗುತ್ತದೆ. ಗ್ಯಾರೇಜಿನವರ ಹತ್ತಿರ ಕೇಳಬೇಕಾದ್ದು "ಎಷ್ಟಾಗುತ್ತೆ" ಎಂದಲ್ಲ, "ಎಷ್ಟು ಓಮ್ ಬಂತು" ಎಂದು. ಆ ಅಂಕಿಯನ್ನು ಜಾಬ್ ಕಾರ್ಡಿನಲ್ಲಿ ಬರೆಸಬೇಕು. ತಯಾರಕರ ಮೇಲೂ ನನಗೊಂದು ದೂರಿದೆ. ಟೈರಿಗೆ ಎಷ್ಟು ಗಾಳಿ ಎಂಬುದನ್ನು ಬಾಗಿಲಿನ ಅಂಚಿನಲ್ಲಿ ಅಂಟಿಸುವವರು, ಸೆಂಡರ್ ಖಾಲಿಯಲ್ಲಿ ಎಷ್ಟು ಓಮ್, ಅರ್ಧದಲ್ಲಿ ಎಷ್ಟು, ತುಂಬಿದಾಗ ಎಷ್ಟು ಎಂಬುದನ್ನು ಮಾತ್ರ ವರ್ಕ್‌ಶಾಪ್ ಮ್ಯಾನುಯಲ್‌ನೊಳಗೆ ಇಟ್ಟುಕೊಳ್ಳುತ್ತಾರೆ. ಮಾಲೀಕನ ಕೈಪಿಡಿಯಲ್ಲಿ ಒಂದು ಸಾಲಿನಷ್ಟು ಜಾಗ ಹಿಡಿಯುವ ಮೂರು ಅಂಕಿಗಳು ಅವು. ಅವನ್ನು ಅಲ್ಲಿ ಮುದ್ರಿಸಲಿ, ರಿಸರ್ವ್ ದೀಪ ಎಷ್ಟು ಲೀಟರಿಗೆ ಹತ್ತುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆಯಲಿ. ಆಗ ಹಳ್ಳಿಯ ಗ್ಯಾರೇಜಿನ ಹುಡುಗನೂ ಮೀಟರ್ ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಬಲ್ಲ.